ಬೀಳುವ ಚೆಂಡನ್ನು ಗ್ರಾಫಿನಲ್ಲಿ ಓದುವುದು ಹೇಗೆ?

ತೆಂಗಿನ ಮರದಿಂದ ಕಾಯಿ ಉದುರುವುದನ್ನು ನೋಡಿರುತ್ತೀರಿ. ಕಳಚಿತು ಅನ್ನುವಷ್ಟರಲ್ಲಿ ದೊಪ್ಪೆಂದು ನೆಲದ ಮೇಲಿರುತ್ತದೆ. ನಡುವೆ ಏನಾಯಿತೆಂದು ಕಣ್ಣಿಗೆ ಸಿಗುವುದಿಲ್ಲ. ಅದನ್ನು ಹಿಡಿದುಕೊಡುವುದೇ ಚಲನೆಯ ಗ್ರಾಫ್. ಅಂದರೆ, ಕಾಲ ಸರಿದಂತೆ ದೂರ ಅಥವಾ ವೇಗ ಹೇಗೆ ಬದಲಾಯಿತೆಂದು ತೋರಿಸುವ ನಕ್ಷೆ. ಗುರುತ್ವದ ಸೆಳೆತವೊಂದರಿಂದಲೇ ವಸ್ತು ಬೀಳುತ್ತಿದ್ದರೆ ಅದು ಮುಕ್ತ ಪತನ.

ಮನೆಯಲ್ಲೇ ಮಾಡಿ ನೋಡಿ. ಟೈಲರ್ ಟೇಪನ್ನು ಸೊನ್ನೆ ಮೇಲಿರುವಂತೆ ಗೋಡೆಗೆ ಅಂಟಿಸಿ. ಚೆಂಡಿನ ಕೆಳ ಅಂಚನ್ನು ಸೊನ್ನೆಗೆ ಹಿಡಿದು ಕೈಬಿಡಿ. ಒಬ್ಬರು ಫೋನಿನಲ್ಲಿ ವಿಡಿಯೊ ತೆಗೆಯಲಿ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿಚಿತ್ರ, ಇದ್ದರೆ ಮೂರು ಫ್ರೇಮಿಗೆ 0.1 ಸೆಕೆಂಡ್. ಮೂರು ಮೂರು ಫ್ರೇಮಿಗೆ ವಿಡಿಯೊ ನಿಲ್ಲಿಸಿ ಟೇಪ್ ಓದಿ. ಸುಮಾರು 5, 20, 44, 78, 122 ಸೆಂ.ಮೀ. ಸಿಗುತ್ತದೆ. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯಾದರೆ ಗಾಬರಿ ಬೇಡ.

ಅಡ್ಡಕ್ಕೆ ಕಾಲ, ಉದ್ದಕ್ಕೆ ದೂರ ಹಿಡಿದು ಇವನ್ನು ಚುಕ್ಕಿಗಳಾಗಿ ಗುರುತಿಸಿ ಸೇರಿಸಿದರೆ ದೂರ-ಕಾಲ ಗ್ರಾಫ್. ಗೆರೆ ನೇರವಾಗಿಲ್ಲ, ಹೋಗುತ್ತಾ ಹೋಗುತ್ತಾ ಕಡಿದಾಗುತ್ತದೆ. ಆ ಇಳಿಜಾರೇ ವೇಗ.

ಈಗ ಪ್ರತಿ 0.1 ಸೆಕೆಂಡಿನಲ್ಲಿ ಎಷ್ಟು ಇಳಿಯಿತೆಂದು ಕಳೆಯಿರಿ: 5, 15, 24, 34, 44. ಪ್ರತಿ ಸಲವೂ ಸುಮಾರು 10 ಸೆಂ.ಮೀ. ಹೆಚ್ಚು! ಇವನ್ನು 0.1ರಿಂದ ಭಾಗಿಸಿದರೆ ಸರಾಸರಿ ವೇಗ. ಅದನ್ನು ಆಯಾ ಅವಧಿಯ ನಡುವೆ ಗುರುತಿಸಿ. ವೇಗ-ಕಾಲ ಗ್ರಾಫ್ ನೇರ ಗೆರೆಯಾಗಿ ಬರುತ್ತದೆ. ಇದರ ಇಳಿಜಾರು ವೇಗೋತ್ಕರ್ಷ, ಅಂದರೆ ವೇಗ ಏರುವ ದರ: ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 9.8 ಮೀಟರ್.

ಈ ಗೆರೆಯ ಕೆಳಗಿನ ವಿಸ್ತೀರ್ಣವೇ ಬಿದ್ದ ದೂರ. ತೆಂಗಿನಕಾಯಿ 2 ಸೆಕೆಂಡ್ ಬಿದ್ದಿತೆನ್ನಿ. ಗಾಳಿಯ ತಡೆಯನ್ನು ಬಿಟ್ಟರೆ ಕೊನೆಯ ವೇಗ ಸೆಕೆಂಡಿಗೆ 19.6 ಮೀಟರ್, ಗಂಟೆಗೆ ಸುಮಾರು 70 ಕಿ.ಮೀ. ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ 2 × 19.6 ÷ 2. ಅಂದರೆ ಕಾಯಿ ಇದ್ದ ಎತ್ತರ 19.6 ಮೀಟರ್. ಏಣಿಯೂ ಬೇಕಿಲ್ಲ, ದೋಟಿಯೂ ಬೇಕಿಲ್ಲ.

ಭಾರದ ವಸ್ತು ಬೇಗ ಬೀಳುವುದಿಲ್ಲವೇ? ಇಲ್ಲ. ಗರಿ ನಿಧಾನವಾಗಿ ಬಿದ್ದರೆ, ಅದನ್ನು ತಡೆಯುವುದು ಗಾಳಿ. ಗಾಳಿಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ನಿಂತಾಗ ವೇಗೋತ್ಕರ್ಷವೂ ಸೊನ್ನೆಯೇ? ಅಲ್ಲ. ಕೆಳದಿಕ್ಕನ್ನು ಧನವೆಂದು ಹಿಡಿದರೆ, ವೇಗದ ಗೆರೆ ಸೊನ್ನೆಯ ಕೆಳಗೆ ಹುಟ್ಟಿ ಸೊನ್ನೆಯನ್ನು ದಾಟಿ ಮೇಲೇರುತ್ತದೆ. ದಾಟುವಾಗಲೂ ಅದೇ ಇಳಿಜಾರು, ಅದೇ 9.8.

ಖರ್ಚೆಷ್ಟು? ಚೆಂಡು, ಟೇಪ್, ಫೋನ್ ಮನೆಯಲ್ಲೇ ಇರುತ್ತವೆ. ಗ್ರಾಫ್ ಹಾಳೆ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಕಂಪ್ಯೂಟರ್ ಇದ್ದರೆ ‘ಟ್ರ್ಯಾಕರ್’ ಎಂಬ ಉಚಿತ ತಂತ್ರಾಂಶ ವಿಡಿಯೊದಿಂದಲೇ ಗ್ರಾಫ್ ಬಿಡಿಸಿಕೊಡುತ್ತದೆ. ಆದರೂ ಮೊದಲ ಸಲ ಪೆನ್ಸಿಲ್ಲಿನಲ್ಲೇ ಬಿಡಿಸಿ. ಗೆರೆ ಎಲ್ಲಿ ಬಾಗಿತು, ಎಲ್ಲಿ ಬಾಗಲಿಲ್ಲ ಎಂಬುದು ಕೈಗೇ ತಿಳಿಯುತ್ತದೆ.