ಗಾಜಿನ ತೊಟ್ಟಿಯಲ್ಲಿ ಹಸಿರು ಹಾಸು

ಮೀನು ಸಾಕುವ ಗಾಜಿನ ತೊಟ್ಟಿಗಳು ಈಗ ಹಳ್ಳಿಯ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕಾಣಸಿಗುತ್ತವೆ. ಅದರ ತಳದಲ್ಲಿ ಗರಿಕೆಯಂತೆ ಹಬ್ಬುವ ಗಿಡಗಳನ್ನು ಬೆಳೆಸಬೇಕೆಂಬ ಆಸೆ ಹುಟ್ಟುವುದು ಸಹಜ. ಭತ್ತದ ನಾಟಿ ಬಲ್ಲ ಬಾಂಧವರಿಗೆ ಈ ಕೆಲಸದ ಮುಕ್ಕಾಲು ಪಾಲು ಮೊದಲೇ ಗೊತ್ತು. ಆದರೆ ಗೊತ್ತಿದ್ದೂ ಕೆಡಿಸುವುದುಂಟು. ನಾನೇ ಕೆಡಿಸಿದೆ.

ಹೋದ ವರ್ಷ ಒಂದು ಶಾಲೆಯ ಮಕ್ಕಳು ತಾವು ಬೆಳೆದ ಸೊಪ್ಪು ಮಾರಿ ಕೂಡಿಟ್ಟ ಹಣದಲ್ಲಿ ಎರಡಡಿಯ ತೊಟ್ಟಿಯನ್ನೂ ಎರಡು ಕುಂಡ ನೀರುಹುಲ್ಲನ್ನೂ ಕೊಂಡರು. "ಕೃಷಿ ಓದಿದವರು ನೀವು, ನೀವೇ ನೆಟ್ಟುಕೊಡಿ" ಎಂದರು ಮೇಷ್ಟ್ರು. ಬೇರಿಗೆ ಸುತ್ತಿದ್ದ ಹತ್ತಿಯಂಥ ನಾರನ್ನೂ ಬಿಡಿಸದೆ ಇಡೀ ಕುಂಡದ ಹುಲ್ಲನ್ನು ದಪ್ಪ ಜಲ್ಲಿಯಲ್ಲಿ ಹೂತು, ನೀರು ತುಂಬಿ, ಸಂಜೆಗೇ ಮೀನು ಬಿಟ್ಟೆ. ಹತ್ತು ದಿನಕ್ಕೆ ಹುಲ್ಲು ಕೊಳೆಯಿತು, ನೀರು ನಾರಿತು, ಮೀನುಗಳು ಸತ್ತವು. ಮಕ್ಕಳು ನನ್ನನ್ನು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು.

ಕಾರಣವೇನೆಂದರೆ, ಮಾರಾಟಕ್ಕೆ ಬರುವ ಇಂಥ ಗಿಡಗಳನ್ನು ಬಹುಮಟ್ಟಿಗೆ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಗಾಳಿಗೆ ಹೊಂದಿದ ಎಲೆ ನೀರಿನೊಳಗೆ ಬಾಳದು. ಅದು ಕರಗಿ, ತೆಳುವಾದ ಹೊಸ ಎಲೆ ಬರಬೇಕು. ಈ ನಡುವಿನ ಕಾಲದಲ್ಲಿ ಗಿಡ ಬದುಕುವುದು ಬೇರಿನ ಬಲದಿಂದ. ಆದುದರಿಂದ ಎಲೆ ಕಂದಿತೆಂದು ಗಿಡವನ್ನು ಕಿತ್ತೆಸೆಯಕೂಡದು. ಕೊಳೆತ ಎಲೆಯನ್ನು ಮಾತ್ರ ತೆಗೆಯತಕ್ಕದ್ದು.

ಎರಡನೆಯ ಸಲ ತಳಕ್ಕೆ ಒಂದಂಗುಲ ಜರಡಿ ಹಿಡಿದ ತೋಟದ ಮಣ್ಣು ಹಾಕಿದೆವು, ಹಸಿ ಗೊಬ್ಬರ ಸೋಕದ್ದು. ಅದರ ಮೇಲೆ ಒಂದಂಗುಲಕ್ಕೆ ತುಸು ಹೆಚ್ಚು ತೊಳೆದ ಸಣ್ಣ ಗರಸು, ಕಾಳು ಒಂದೆರಡು ಮಿಲಿಮೀಟರಿನದು. ಹುಲ್ಲಿನ ನಾರನ್ನು ನೀರಿನಲ್ಲಿ ಬಿಡಿಸಿ, ಐದಾರು ಎಳೆಗಳ ಪುಟ್ಟ ಗುತ್ತಿಗಳನ್ನಾಗಿ ಮಾಡಿ, ಚಿಮಟದಲ್ಲಿ ಹಿಡಿದು ಓರೆಯಾಗಿ ಅಂಗುಲಕ್ಕೊಂದರಂತೆ ನೆಟ್ಟೆವು. ಓರೆ ನೆಟ್ಟರೆ ಗುತ್ತಿ ಸುಲಭವಾಗಿ ಮೇಲೆ ತೇಲದು. ಒಂದೇ ಕಡೆ ಒತ್ತಾಗಿ ನೆಟ್ಟರೆ ಒಳಗಿನದು ಬೆಳಕಿಲ್ಲದೆ ಕೊಳೆಯುತ್ತದೆ. ಸಸಿಮಡಿಯ ಮಾತೇ ಇಲ್ಲಿಯೂ.

ಆಮೇಲೆ ನೀರು ತುಂಬಲಿಲ್ಲ! ಗರಸು ತೇವವಾಗಿರುವಷ್ಟೇ ನೀರಿಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ, ನೀರು ಚಿಮುಕಿಸಿ ಆರು ವಾರ ಕಾದೆವು. ನೀರಿಗಿಂತ ಗಾಳಿಯಲ್ಲಿ ಇಂಗಾಲಾಮ್ಲ ವಾಯು ಎಲೆಗೆ ಬೇಗ ಒದಗುವುದರಿಂದ ಬೇರು ಚೆನ್ನಾಗಿ ಇಳಿಯುತ್ತದೆ. ಬಳಿಕ ತಳದ ಮೇಲೆ ತಟ್ಟೆಯಿಟ್ಟು, ಅದರ ಮೇಲೆ ನಿಧಾನವಾಗಿ ನೀರು ಸುರಿದೆವು. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸುವುದು ಲೇಸು.

ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು. ನೇರ ಬಿಸಿಲು ಬಿದ್ದರೆ ಪಾಚಿ ಮುಸುಕುತ್ತದೆ. ವಿದ್ಯುತ್ ಹೋದ ದಿನದ ಬಾಕಿಯನ್ನು ಮರುದಿನ ತೀರಿಸಬೇಕಾಗಿಲ್ಲ. ಗಿಡವೇನೂ ಸಾಲ ಕೊಟ್ಟಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸಬೇಕು. ಮೀನಿಲ್ಲದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದರಿಂದ ಬಾಯಿಗೆ ತೆಳು ಬಟ್ಟೆ ಕಟ್ಟುವುದನ್ನು ಮರೆಯಕೂಡದು. ಡೆಂಗೀ ಹರಡುವ ಸೊಳ್ಳೆಗೆ ಇಂಥ ನಿಂತ ನೀರೇ ಇಷ್ಟ. ತಿಂಗಳು ಕಳೆದ ಮೇಲೆ ನಾಲ್ಕಾರು ಗಪ್ಪಿ ಮೀನು ಬಿಡಬಹುದು.

ಯಾವ ಗಿಡವೆಂದು ಕೇಳುವವರಿಗೆ: ಕ್ಯೂಬಾ ದೇಶದ ಹೆಮಿಯಾಂಥಸ್ ನೋಡಲು ಬಲು ಚಂದ, ಆದರೆ ಚೆನ್ನಾಗಿ ಹಬ್ಬಬೇಕಾದರೆ ಇಂಗಾಲಾಮ್ಲದ ಸಿಲಿಂಡರ್ ಬೇಡುತ್ತದೆ. ಮೊದಲ ಸಲಕ್ಕೆ ಅದರ ಗೊಡವೆ ಬೇಡ. ನೀರುಹುಲ್ಲು, ಅಂದರೆ ಎಲಿಯೋಕಾರಿಸ್, ಹೆಸರಿಗೆ ಹುಲ್ಲಾದರೂ ಜೇಕಿನ ಬಳಗದ್ದು, ತಾಳಿಕೆಯುಳ್ಳದ್ದು. ನಮ್ಮ ಗದ್ದೆಯ ಕೆಸರಿನಲ್ಲಿ ಒಂದೇ ತೊಟ್ಟಿಗೆ ನಾಲ್ಕೆಲೆ ಬಿಡುವ ಮಾರ್ಸಿಲಿಯ ಎಂಬ ಜರಿಗಿಡದ ಕುಲದಲ್ಲಿಯೂ ತೊಟ್ಟಿಯ ತಳದಲ್ಲಿ ಹಬ್ಬುವಂಥವಿವೆ. ಗದ್ದೆಯಿಂದ ತಂದದ್ದಾದರೆ ಔಷಧಿ ಸಿಂಪಡಿಸದ ಜಾಗದ್ದನ್ನು ಆರಿಸಿ, ತೊಳೆದು, ಎರಡು ವಾರ ಬಕೆಟ್ಟಿನಲ್ಲಿಟ್ಟು ಬಸವನಹುಳು ತೆಗೆದು ನೆಡಬೇಕು.

ಶಾಲೆಯ ತೊಟ್ಟಿ ಐದನೆಯ ತಿಂಗಳಿಗೆ ಹಾಸಿಕೊಂಡಿತು. ಎರಡನೆಯ ಸಲ ನೆಟ್ಟವರು ಮಕ್ಕಳೇ. ನಾನು ಗುತ್ತಿ ಬಿಡಿಸಿ ಕೊಟ್ಟೆನಷ್ಟೆ. ಈಗ ತಿಂಗಳಿಗೊಮ್ಮೆ ಕತ್ತರಿಯಿಂದ ಸವರುತ್ತಾರೆ. ಸವರಿದ್ದನ್ನು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು, ಕೆರೆಗೂ ಕಾಲುವೆಗೂ ಎಸೆಯಕೂಡದು. ಕೆರೆಗಳನ್ನು ಮುಚ್ಚುವ ನೀರು ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಹೂವಿನ ಚಂದಕ್ಕೆಂದು ತಂದ ಗಿಡವೇ.