ಐದು ಅಂಗುಲದ ಗೋಡೆ

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗಬೇಕಾದರೆ ಮೊದಲು ಬಾಯ್ಲರು ಹೊತ್ತಬೇಕು. ಬಾಯ್ಲರು ಹೊತ್ತಬೇಕಾದರೆ ಪರೀಕ್ಷೆಯ ಪ್ರಮಾಣಪತ್ರ ಕೈಯಲ್ಲಿರಬೇಕು. ೧೯೨೩ರ ಕಾಯಿದೆಯ ಈ ಕಟ್ಟಳೆಯನ್ನು ೨೦೨೫ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ನೀರು ತುಂಬಿ, ನಿತ್ಯ ಹೊರುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಎಲ್ಲಿಯಾದರೂ ಜಿನುಗುವುದೇ ಎಂದು ನೋಡುವುದು ಬಹುಕಾಲದ ಪದ್ಧತಿ.

ಬಾಯ್ಲರನ್ನು ಒತ್ತಡವು ಒಳಗಿನಿಂದ ನೂಕುತ್ತದೆ. ಸಕ್ಕರೆ ಕಟ್ಟುವ ನಿರ್ವಾತ ಪ್ಯಾನಿನ ಸ್ಥಿತಿ ಇದಕ್ಕೆ ವಿರುದ್ಧ. ಅದರೊಳಗಿನ ಗಾಳಿಯನ್ನು ಎಳೆದು ತೆಗೆಯುವುದರಿಂದ ಹೊರಗಿನ ವಾತಾವರಣವೇ ಅದನ್ನು ಅದುಮುತ್ತದೆ. ಆದರೂ ಆ ಭಾರ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಮಿನಷ್ಟು ಮಾತ್ರ. ಟೈಟಾನಿಕ್ ಹಡಗು ಮುಳುಗಿ ಬಿದ್ದಿರುವ ಸುಮಾರು ೩,೮೦೦ ಮೀಟರ್ ಆಳದಲ್ಲಿ ಅದೇ ಭಾರ ೩೮೦ ಪಟ್ಟಿಗೂ ಮಿಗಿಲು! ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದ ಅಮೆರಿಕದ 'ಟೈಟನ್' ನೌಕೆಗೆ ಮಾತ್ರ ಯಾವ ಪರೀಕ್ಷಕ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ.

೧೯೬೦ರ ಜನವರಿ ೨೩ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ 'ಟ್ರಿಯೆಸ್ಟ್' ನೌಕೆಯಲ್ಲಿ ಶಾಂತಸಾಗರದ ೧೦,೯೦೦ ಮೀಟರ್ ಆಳವನ್ನು ಮುಟ್ಟಿ ಕ್ಷೇಮವಾಗಿ ಮರಳಿದ್ದರು. ಅವರು ಕುಳಿತಿದ್ದ ಗೋಳದ ಗೋಡೆ ಸುಮಾರು ೫ ಅಂಗುಲ ದಪ್ಪ. ಟೈಟನ್ನಿನ ಗೋಡೆಯೂ ೫ ಅಂಗುಲವೇ. ಆದರೆ ಅದು ಉಕ್ಕು, ಇದು ಕಾರ್ಬನ್ ನಾರು. ಅದು ಗೋಳ, ಇದು ಐವರಿಗೆ ಸ್ಥಳವಾಗಲೆಂದು ಮಾಡಿದ ಉರುಳೆ. ಗೋಳವು ಭಾರವನ್ನು ಎಲ್ಲೆಡೆ ಸಮನಾಗಿ ಹಂಚಿಕೊಳ್ಳುತ್ತದೆ; ಉರುಳೆಗೆ ಆ ಭಾಗ್ಯವಿಲ್ಲ. ಕಾರ್ಬನ್ ನಾರಾದರೋ ಹಗ್ಗದಂತೆ: ಎಳೆತಕ್ಕೆ ಗಟ್ಟಿ, ಅದುಮುವಿಕೆಗೆ ಅಷ್ಟು ನಂಬುಗೆಯದಲ್ಲ. ಅಂಟಿನಿಂದ ಕೂಡಿಸಿದ ಅದರ ಪದರಗಳು ಪ್ರತಿ ಮುಳುಗಿಗೂ ಒಳಗೊಳಗೇ ಬಿಡುತ್ತ ಹೋಗಬಹುದು. ಮೇಲ್ನೋಟಕ್ಕೆ ಬಿರುಕು ಕಾಣದು. ಇಂತಹ ಉರುಳೆಯ ಎರಡು ತುದಿಗಳಿಗೂ ಟೈಟೇನಿಯಂ ಉಂಗುರಗಳನ್ನು ಅಂಟಿನಿಂದಲೇ ಕೂಡಿಸಿದ್ದರು.

ಎಚ್ಚರಿಸಿದವರಿಲ್ಲದೆ ಇರಲಿಲ್ಲ. ಓಷನ್‌ಗೇಟ್ ಕಂಪನಿಯಲ್ಲಿಯೇ ಅಧಿಕಾರಿಯಾಗಿದ್ದ ಡೇವಿಡ್ ಲಾಕ್ರಿಡ್ಜ್ ೨೦೧೮ರಲ್ಲಿ ದೋಷಗಳನ್ನು ಬರೆದು ತೋರಿಸಿ ಕೆಲಸ ಕಳೆದುಕೊಂಡರು. ಅದೇ ವರ್ಷ ಈ ವಿದ್ಯೆಯನ್ನು ಬಲ್ಲ ಮೂರು ಡಜನಿಗೂ ಹೆಚ್ಚು ಮಂದಿ ಕಳವಳದ ಪತ್ರವೊಂದನ್ನು ಸಿದ್ಧಪಡಿಸಿದರು. ನಿಯಮಗಳು ಹೊಸತನಕ್ಕೆ ಅಡ್ಡಿಯೆಂಬುದು ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್‌ರ ವಾದ. ತಾನು ಕಟ್ಟಿದ ನೌಕೆಯನ್ನು ಅವರು ನಂಬಿದ್ದರು. ಕೊನೆಯ ಯಾತ್ರೆಯಲ್ಲಿ ತಾವೇ ಚಾಲಕರಾಗಿದ್ದರು. ಆದರೆ ಹಣ ಕೊಟ್ಟು ಕುಳಿತವರ ಪ್ರಾಣವನ್ನು ಪಣಕ್ಕಿಡುವ ಅಧಿಕಾರವನ್ನು ಆ ನಂಬಿಕೆ ಕೊಡಲಾರದು.

೨೦೧೯ರಲ್ಲಿ ಮೊದಲನೆಯ ಉರುಳೆ ಬಿರುಕು ಬಿಟ್ಟಿತು. ಅದೇ ವಸ್ತುವಿನಲ್ಲಿ ಮತ್ತೊಂದನ್ನು ಮಾಡಿದರು. ೨೦೨೨ರ ಜುಲೈ ೧೫ರಂದು ಮೇಲೇರುವಾಗ ದೊಡ್ಡ ಸದ್ದೊಂದು ಕೇಳಿಬಂತು. ಗೋಡೆಗೆ ಹೊಂದಿಸಿದ್ದ ಅಳತೆಯ ಉಪಕರಣಗಳೂ ಬದಲಾವಣೆಯನ್ನು ತೋರಿದವು. ಯಂತ್ರ ಮಾತಾಡಿತ್ತು, ಕೇಳುವವರಿರಲಿಲ್ಲ. ಆ ಚಳಿಗಾಲವನ್ನು ನೌಕೆ ಕೆನಡಾದ ಬಯಲಿನಲ್ಲಿ, ಮಂಜಿಗೆ ಮೈಯೊಡ್ಡಿ ಕಳೆಯಿತು.

೨೦೨೩ರ ಜೂನ್ ೧೮ರಂದು ಅದು ಮತ್ತೆ ಮುಳುಗಿತು. ಎರಡು ಗಂಟೆ ತುಂಬುವ ಮೊದಲೇ ಸಂಪರ್ಕ ಕಡಿಯಿತು. ಒಳಗಿನ ಗಾಳಿ ಎಷ್ಟು ಹೊತ್ತು ಸಾಕಾದೀತೆಂದು ಜಗತ್ತು ನಾಲ್ಕು ದಿನ ಲೆಕ್ಕ ಹಾಕಿತು. ಅಷ್ಟರಲ್ಲಿ ಲೆಕ್ಕ ಎಂದೋ ಮುಗಿದಿತ್ತು. ಗೋಡೆ ಕಣ್ಣೆವೆ ಮುಚ್ಚುವುದರೊಳಗೆ ಕುಸಿದು ಐವರೂ ಅಳಿದಿದ್ದರು. ಅವರಲ್ಲಿ ತಂದೆಯೊಡನೆ ಬಂದಿದ್ದ ೧೯ ವರ್ಷದ ಹುಡುಗನೂ ಇದ್ದ. ಇದು ತಪ್ಪಿಸಬಹುದಾಗಿದ್ದ ಅನಾಹುತವೆಂದು ಅಮೆರಿಕದ ಕರಾವಳಿ ರಕ್ಷಣಾ ದಳ ೨೦೨೫ರ ಆಗಸ್ಟಿನಲ್ಲಿ ವರದಿ ಮಾಡಿತು.

ಭಾರತವೂ ಇಂತಹ ನೌಕೆಯೊಂದನ್ನು ಕೈಗೆತ್ತಿಕೊಂಡಿದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿರುವ 'ಮತ್ಸ್ಯ ೬೦೦೦' ಮೂವರನ್ನು ಹೊತ್ತು ೬,೦೦೦ ಮೀಟರ್ ಆಳಕ್ಕಿಳಿಯಬೇಕೆಂಬುದು ಯೋಜನೆ. ಅವರು ಕೂರುವ ಕೋಣೆ ೨.೧ ಮೀಟರ್ ವ್ಯಾಸದ ಗೋಳ. ಅದರ ಗೋಡೆಯ ದಪ್ಪ ೮೦ ಮಿಲಿಮೀಟರ್, ಅಂದರೆ ೩ ಅಂಗುಲಕ್ಕೆ ತುಸು ಹೆಚ್ಚು; ವಸ್ತು, ಟೈಟೇನಿಯಂ ಮಿಶ್ರಲೋಹ.