ಹಾಳೆತಟ್ಟೆ ಯಂತ್ರದ ಆಯ್ಕೆ: ವೇಗಕ್ಕಿಂತ ಮೊದಲು ಹಾಳೆಯ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆಗಳನ್ನು ತಯಾರಿಸುವ ಗೃಹೋದ್ಯಮ ಆರಂಭಿಸಬಯಸುವವರು ಸಾಮಾನ್ಯವಾಗಿ ಯಂತ್ರದ ದರಪಟ್ಟಿಯನ್ನು ಹಿಡಿದುಕೊಂಡೇ ಲೆಕ್ಕಪರಿಶೋಧಕರಲ್ಲಿಗೆ ಬರುತ್ತಾರೆ. ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯೊಂದೇ ಬಾಕಿ ಎಂಬುದು ಅವರ ಭಾವನೆ. ದರಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಗಂಟೆಗೆ ಎಷ್ಟು ತಟ್ಟೆ ಎಂಬ ಸಂಖ್ಯೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ನೋಡತಕ್ಕ ಸಂಖ್ಯೆ.

ನೀರಿನಲ್ಲಿ ನೆನೆಸಿ ತೊಳೆದ ಹಾಳೆಯನ್ನು ಬಿಸಿ ಅಚ್ಚುಗಳ ನಡುವೆ ಒತ್ತುವುದೇ ಎಲ್ಲ ಯಂತ್ರಗಳ ಕೆಲಸ. ಕೈಯಿಂದ ಅಥವಾ ಕಾಲಿನಿಂದ ಒತ್ತುವ ಒಂದೆರಡು ಅಚ್ಚಿನ ಯಂತ್ರಗಳು ಒಂದು ಬಗೆ. ಐದಾರು ಅಚ್ಚುಗಳನ್ನು ಒಮ್ಮೆಲೇ ಒತ್ತುವ ಹೈಡ್ರಾಲಿಕ್ ಯಂತ್ರಗಳು ಇನ್ನೊಂದು ಬಗೆ.

ಈಗ ಹಾಳೆಯ ಲೆಕ್ಕಕ್ಕೆ ಬರೋಣ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಮರವೊಂದು ವರ್ಷಕ್ಕೆ ಐದು ಹಾಳೆ ಉದುರಿಸಿದರೆ 2,750 ಹಾಳೆ. ಮಳೆಗಾಲದಲ್ಲಿ ಬಿದ್ದು ಬೂಸ್ಟು ಹಿಡಿದದ್ದು, ಸೀಳಿದ್ದು, ದನಕರುಗಳಿಗೆ ಹೋದದ್ದನ್ನು ಕಳೆದು ಅರ್ಧ ಉಳಿಯಿತೆಂದು ಇಟ್ಟುಕೊಳ್ಳೋಣ, 1,375 ಆಯಿತು. ಹಾಳೆಗೆ ಎರಡು ದೊಡ್ಡ ತಟ್ಟೆಯಂತೆ 2,750 ತಟ್ಟೆ. ಐದು ಅಚ್ಚಿನ ಯಂತ್ರ ನಿಮಿಷಕ್ಕೊಮ್ಮೆ ಒತ್ತಿದರೆ ಎಂಟು ಗಂಟೆಯಲ್ಲಿ 2,400 ತಟ್ಟೆ. ಅಂದರೆ ಒಂದು ಎಕರೆಯ ಇಡೀ ವರ್ಷದ ಹಾಳೆ ಒಂದು ದಿನದ ಕೆಲಸಕ್ಕೆ ತುಸು ಮೇಲಷ್ಟೇ! ಈ ಯಂತ್ರವನ್ನು ವರ್ಷಕ್ಕೆ 200 ದಿನ ನಡೆಸಬೇಕಾದರೆ 2,40,000 ಹಾಳೆ, ಅಂದರೆ ಸುಮಾರು 175 ಎಕರೆ ತೋಟದ ಹಾಳೆ ಬೇಕು. ದೊಡ್ಮನೆಯಂತಹ ಊರಿನಲ್ಲಿ ಅಷ್ಟು ಹಾಳೆಯನ್ನು ಎಷ್ಟು ಮನೆಗಳಿಂದ ಒಟ್ಟುಮಾಡಬೇಕು, ಗುಡ್ಡದ ದಾರಿಯಲ್ಲಿ ಸಾಗಿಸಲು ಬಾಡಿಗೆ ಎಷ್ಟು, ಮಳೆಗಾಲಕ್ಕೆ ಮುನ್ನ ಒಣಗಿಸಿಡಲು ಎಷ್ಟು ದೊಡ್ಡ ಕೊಟ್ಟಿಗೆ ಬೇಕು ಎಂಬುದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ. ಸಾಲದ ಕಂತು ಮಾತ್ರ ಹಾಳೆಗಾಗಿ ಕಾಯುವುದಿಲ್ಲ.

ಸ್ವಂತ ತೋಟ ಹಾಗೂ ನೆರೆಯ ಹತ್ತಿಪ್ಪತ್ತು ಎಕರೆಗಳ ಹಾಳೆಯನ್ನಷ್ಟೇ ನಂಬುವವರಿಗೆ ಎರಡು ಅಚ್ಚಿನ ಯಂತ್ರವೇ ಧಾರಾಳ. ಹಲವು ಕುಟುಂಬಗಳು ಕೂಡಿ ಅಥವಾ ಸಹಕಾರಿ ಸಂಘದ ಮೂಲಕ ಹಾಳೆ ಸಂಗ್ರಹಿಸುವ ಏರ್ಪಾಡು ಮೊದಲೇ ಆಗಿದ್ದರೆ ದೊಡ್ಡ ಯಂತ್ರದ ಮಾತನಾಡಬಹುದು.

ತೆರಿಗೆಯ ವಿಷಯವನ್ನೂ ಗಮನಿಸತಕ್ಕದ್ದು. ಎಲೆ, ಹೂವು, ತೊಗಟೆಗಳಿಂದ ಮಾಡಿದ ತಟ್ಟೆ, ಬಟ್ಟಲುಗಳಿಗೆ 2019ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲ. ಇದನ್ನು ಲಾಭವೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ವಿನಾಯಿತಿ ಪಡೆದ ಸರಕನ್ನಷ್ಟೇ ದೇಶದೊಳಗೆ ಮಾರುವವರಿಗೆ ಯಂತ್ರದ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮೆ ದೊರೆಯದು. ಉದಾಹರಣೆಗೆ, ನಾಲ್ಕು ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ. 18ರಂತೆ 72,000 ರೂಪಾಯಿ ಸೇರಿ 4,72,000 ರೂಪಾಯಿಯೇ ನಿಜವಾದ ಬೆಲೆ. ಸವಕಳಿಯನ್ನು ಈ ಮೊತ್ತದ ಮೇಲೆಯೇ ಲೆಕ್ಕಹಾಕಬಹುದೆಂಬುದಷ್ಟೇ ಸಮಾಧಾನ. ಖರೀದಿಸಿದ ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಆ ವರ್ಷ ಸವಕಳಿಯೂ ಅರ್ಧ.

ಹೈಡ್ರಾಲಿಕ್ ಯಂತ್ರಗಳಲ್ಲಿ ಹಲವಕ್ಕೆ ಮೂರು ಫೇಸ್ ವಿದ್ಯುತ್ ಬೇಕು. ಮೋಟಾರಿನೊಂದಿಗೆ ಅಚ್ಚುಗಳ ಹೀಟರ್‌ಗಳ ಕಿಲೋವ್ಯಾಟನ್ನೂ ಕೂಡಿಸಿ ಹೆಸ್ಕಾಂನಲ್ಲಿ ವಿಚಾರಿಸಿ. ಮನೆಬಳಕೆಯ ಸಂಪರ್ಕದಲ್ಲಿ ಉದ್ಯಮ ನಡೆಸಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ಕಲಮಿನಂತೆ ಅನ್ವಯವಾಗುವ ದರದ ಇಮ್ಮಡಿ ವಸೂಲಾಗುತ್ತದೆ.

ರಫ್ತಿನ ಆಸೆಯಿಂದ ದೊಡ್ಡ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಅರೆಕೋಲಿನ್ ಮೊದಲಾದ ಸಸ್ಯಜನ್ಯ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬುದು ಅದು ಕೊಟ್ಟ ಕಾರಣ. ಆದ್ದರಿಂದ ಯೋಜನಾ ವರದಿಯ ಮಾರಾಟದ ಅಂಕಿಗಳನ್ನು ಮದುವೆ ಮನೆ, ಅಡುಗೆ ಗುತ್ತಿಗೆದಾರರು, ದೇಶದೊಳಗಿನ ಸಗಟು ವ್ಯಾಪಾರಿಗಳ ಬೇಡಿಕೆಯ ಮೇಲೆಯೇ ನಿಲ್ಲಿಸುವುದು ಲೇಸು.

ಮುಂಗಡ ಕೊಡುವ ಮುನ್ನ ತಮ್ಮದೇ ತೋಟದ ನೂರು ಹಾಳೆಗಳನ್ನು ತಯಾರಕರಲ್ಲಿಗೆ ಒಯ್ದು, ಎದುರಿಗೇ ಒತ್ತಿಸಿ, ಸೀಳಿದ್ದೆಷ್ಟು, ಬಣ್ಣಗೆಟ್ಟಿದ್ದೆಷ್ಟು ಎಂದು ಎಣಿಸಿರಿ. ಎರಡೂ ಕೈಗಳಿಂದ ಗುಂಡಿ ಒತ್ತಿದರಷ್ಟೇ ಅಚ್ಚು ಇಳಿಯುವ ವ್ಯವಸ್ಥೆ ಇದೆಯೇ, ಹೀಟರ್ ಸುಟ್ಟುಹೋದರೆ ಬದಲಿಯನ್ನು ಎಷ್ಟು ದಿನಗಳಲ್ಲಿ ಕಳುಹಿಸುವರು, ಬೇರೆ ಅಳತೆಯ ಅಚ್ಚಿಗೆ ಪ್ರತ್ಯೇಕ ದರವೆಷ್ಟು ಎಂಬುದನ್ನು ದರಪಟ್ಟಿಯ ಮೇಲೆಯೇ ಬರೆಸಿಕೊಳ್ಳತಕ್ಕದ್ದು.